ಸ್ಪಷ್ಟನೆ: ಬಿಎಂಐ 25ರ ಒಳಗಿದ್ದರೆ ಹೃದಯಕ್ಕೆ ಅಪಾಯವಿಲ್ಲ ಎನ್ನುವುದು ತಪ್ಪು

‘ಬಿಎಂಐ 25 ದಾಟದವರಿಗೆ ಹಾರ್ಟು, ಶುಗರ್ ಚಿಂತೆ ಬೇಡ, ಟೆಸ್ಟ್ ಮಾಡಿಸೋದು ದುಡ್ಡು ದಂಡ’ ಎಂಬ ಮಾತು ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ದಯವಿಟ್ಟು ನಂಬಬೇಡಿ. (ಬಿಎಂಐ ಎಂದರೆ ಎತ್ತರಕ್ಕೆ ತೂಕ ಎಷ್ಟಿದೆ ಎಂದು ಹೇಳುವ ಅಳತೆ; ಕೆ.ಜಿ. ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದರೆ ಸಿಗುತ್ತದೆ.)

ಭಾರತೀಯರಿಗೆ ಇಲ್ಲಿನ ವೈದ್ಯರು ಇಟ್ಟುಕೊಂಡಿರುವ ಗಡಿಯೇ ಬೇರೆ. 23ಕ್ಕೆ ತೂಕ ಹೆಚ್ಚಾಯಿತು ಎಂದರ್ಥ, 25ಕ್ಕೆ ಬೊಜ್ಜು. ಅಷ್ಟೇ ಬಿಎಂಐ ಇರುವ ಯುರೋಪಿನವರಿಗೆ ಹೋಲಿಸಿದರೆ ನಮ್ಮಲ್ಲಿ ಸ್ನಾಯು ಕಡಿಮೆ, ಕೊಬ್ಬು ಜಾಸ್ತಿ. ಅದೂ ಹೊಟ್ಟೆಯೊಳಗೆ, ಲಿವರ್‌ನಲ್ಲಿ ಸೇರಿಕೊಳ್ಳುತ್ತದೆ. ಶುಗರ್ ಹತೋಟಿಯಲ್ಲಿಡುವ ಇನ್ಸುಲಿನ್‌ನ ಕೆಲಸ ಕೆಡಿಸುವುದು, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು), ಬಿಪಿ ಏರಿಸುವುದು ಮುಖ್ಯವಾಗಿ ಈ ಒಳಗಿನ ಕೊಬ್ಬೇ.

ಐದೂವರೆ ಅಡಿ ಎತ್ತರ, 68 ಕೆ.ಜಿ. ತೂಕದ ಗಂಡಸಿನ ಬಿಎಂಐ ಸುಮಾರು 24. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ; ಇಂಥವರು ನಮ್ಮ ಮನೆಮನೆಯಲ್ಲೂ ಇದ್ದಾರೆ. ಇವರಿಗೆ ತಕ್ಕಡಿಗಿಂತ ಟೇಪು ಹೆಚ್ಚು ಹೇಳುತ್ತದೆ. ಪ್ಯಾಂಟ್ ಕಟ್ಟುವ ಜಾಗದಲ್ಲಿ ಅಳೆಯಬೇಡಿ, ಅದು ಹೊಟ್ಟೆಯ ಕೆಳಗೆ ಜಾರಿರುತ್ತದೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಟೇಪು ಸುತ್ತಿ, ಉಸಿರು ಸಹಜವಾಗಿ ಬಿಟ್ಟ ಮೇಲೆ ನೋಡಿ. ಹೊಟ್ಟೆ ಒಳಗೆಳೆದುಕೊಳ್ಳಬಾರದು. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಿದ್ದರೆ ಬಿಪಿ, ಶುಗರ್, ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಲೇಬೇಕು.

ಗಾಬರಿ ಬೇಡ. ತೂಕದಲ್ಲಿ ನೂರಕ್ಕೆ ಐದು ಇಳಿದರೂ, ಅಂದರೆ 68 ಕೆ.ಜಿ. ಇರುವವರಿಗೆ ಸುಮಾರು ಮೂರೂವರೆ ಕೆ.ಜಿ., ಬಿಪಿ, ಶುಗರ್ ಎರಡರಲ್ಲೂ ಸುಧಾರಣೆ ಸಾಮಾನ್ಯವಾಗಿ ಕಾಣುತ್ತದೆ. ಆದರೆ ತೂಕ ಇಳಿಯಿತೆಂದು ಬಿಪಿ, ಶುಗರ್ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಡೋಸ್ ಕಡಿಮೆ ಮಾಡಬಹುದೇ ಎಂದು ಡಾಕ್ಟರನ್ನೇ ಕೇಳಿ.