ಮೊದಲ ಪ್ರೀತಿಗೆ ಬಿಡುವೆಲ್ಲಿ?

ಅಮೆರಿಕದ ಲ್ಯಾಟಿನೋ (ಮೆಕ್ಸಿಕೋ ಮುಂತಾದ ಲ್ಯಾಟಿನ್ ಅಮೆರಿಕ ದೇಶಗಳ ಮೂಲದ) ಹುಡುಗಿಯರ ಪ್ರೀತಿ ಅಂದರೆ ಸಾಕು, ನಮ್ಮ ದೇಸಿ ಪಾರ್ಟಿಗಳಲ್ಲೂ ಮಾತು ನೇರ ಹೋಗುವುದು ಚಿಕ್ಕ ವಯಸ್ಸಿನ ಬಸಿರಿಗೆ. ಅದು ಹಳೇ ಕಥೆ. 15ರಿಂದ 19ರ ವಯಸ್ಸಿನ 1000 ಲ್ಯಾಟಿನೋ ಹುಡುಗಿಯರಲ್ಲಿ ವರ್ಷಕ್ಕೆ ಹೆರಿಗೆ 1991ರಲ್ಲಿ 100 ದಾಟಿತ್ತು. 2020ರಲ್ಲಿ 25ಕ್ಕೂ ಕಡಿಮೆ. ಲೆಕ್ಕ ಇಳಿದರೂ ಭಯ ಇಳಿದಿಲ್ಲ.

ಲಾಸ್ ಏಂಜಲೀಸ್ ಪಕ್ಕದ ಹಂಟಿಂಗ್ಟನ್ ಪಾರ್ಕಿನಲ್ಲಿ ಬಹುತೇಕ ಎಲ್ಲರೂ ಲ್ಯಾಟಿನೋಗಳೇ. ಅಲ್ಲಿನ ಪೆಸಿಫಿಕ್ ಬುಲೆವಾರ್ಡ್‌ನಲ್ಲಿ ನಡೆದರೆ ಅಂಗಡಿ ಗಾಜಿನೊಳಗೆ ಕೊಡೆಯಂತೆ ಅರಳಿದ ಗೌನುಗಳು. ಹುಡುಗಿಗೆ 15 ತುಂಬುವ ಕಿನ್ಸೆಆನ್ಯೇರಾ ಸಂಭ್ರಮಕ್ಕೆ. ಚರ್ಚಿನ ಪೂಜೆ ಮುಗಿಸಿ ಬಂದ ಮೇಲೆ, ಸಭೆಯ ನಡುವೆ ಅಪ್ಪ ಮಂಡಿಯೂರಿ ಮಗಳ ಚಪ್ಪಟೆ ಚಪ್ಪಲಿ ಬಿಚ್ಚಿ ಹೀಲ್ಸ್ ತೊಡಿಸುತ್ತಾನೆ. ಆಮೇಲೆ ಅವಳೊಂದಿಗೆ ವಾಲ್ಟ್ಜ್. ಕೇಕು ಒಬ್ಬರದ್ದು, ಕಿರೀಟ ಇನ್ನೊಬ್ಬರದ್ದು ಅಂತ ಖರ್ಚನ್ನು ಪದ್ರಿನೋಗಳು, ಅಂದರೆ ಧರ್ಮಪಿತರ ಸ್ಥಾನದಲ್ಲಿ ನಿಲ್ಲುವ ನೆಂಟರು, ಆಪ್ತರು, ಹಂಚಿಕೊಳ್ಳುತ್ತಾರೆ. ನನಗಂತೂ ಕಣ್ಣು ತುಂಬುವ ದೃಶ್ಯ. ಎಷ್ಟೋ ಮನೆಗಳಲ್ಲಿ "15 ಆಗೋವರೆಗೂ ಬಾಯ್‌ಫ್ರೆಂಡ್ ಮಾತೆತ್ತಬೇಡ" ಅನ್ನುವ ಕಟ್ಟಳೆಯೂ ಉಂಟು.

15 ಆಯಿತು, ಈಗ? ಮನೆ ಓನರ್ ಕಳಿಸಿದ ಕಾಗದವನ್ನು ಇಂಗ್ಲಿಷಿನಲ್ಲಿ ಓದಿ ಅಮ್ಮನಿಗೆ ಸ್ಪ್ಯಾನಿಷಿನಲ್ಲಿ ಹೇಳುವವಳು ಅವಳೇ. ತಮ್ಮನನ್ನು ಶಾಲೆಯಿಂದ ಕರೆತರುವವಳೂ ಅವಳೇ. ಮೇಲೆ "ನಾವು ಗಡಿ ದಾಟಿ ಬಂದಿದ್ದೇ ನಿನಗೋಸ್ಕರ" ಅನ್ನುವ ಮಾತು. ಅಪ್ಪ ಅಮ್ಮನಿಗೆ ಈ ದೇಶದಲ್ಲಿರಲು ಕಾಗದಪತ್ರ ಇಲ್ಲದಿದ್ದರಂತೂ ಪೊಲೀಸ್ ಕಾರಿನ ದೀಪ ಕಂಡರೆ ಇಡೀ ಮನೆಗೇ ಎದೆ ಧಸಕ್ಕನ್ನುತ್ತದೆ. ಇಷ್ಟರ ನಡುವೆ ಒಬ್ಬರನ್ನು ಸುಮ್ಮನೆ ನೋಡುತ್ತಾ ಕೂರೋಕೆ ಪುರುಸೊತ್ತಾದರೂ ಎಲ್ಲಿದೆ?

ಮನೆಯವರು ಕಣ್ಣಿಡುವುದು ಹುಡುಗರ ಮೇಲೆ. ಗೆಳತಿಯ ಜೊತೆ ಹೋಮ್‌ವರ್ಕ್ ಅಂದರೆ ಬಾಗಿಲು ಹಾಕಿಕೊಂಡರೂ ಯಾರೂ ಕೇಳಲ್ಲ. ಕೆಲವು ಹುಡುಗಿಯರ ಮೊದಲ ಪ್ರೀತಿ ಹುಟ್ಟುವುದು ಅಲ್ಲೇ, ಗಣಿತದ ಪುಸ್ತಕದ ಆಚೀಚೆ, ಅದು ಪ್ರೀತಿಯೇ ಅಂತ ಅವರಿಗೂ ಪಕ್ಕಾ ಗೊತ್ತಿಲ್ಲದ ಹಾಗೆ. ಮಾರ್ಕ್ಸ್ ಇಳಿದ ಮೇಲೆ ಮಾತ್ರ ಅಮ್ಮನಿಗೆ ಅನುಮಾನ ಶುರು.

ಆ ಅಮ್ಮನ ಮೇಲೆ ನನಗೆ ಸಿಟ್ಟಿಲ್ಲ. ದಿನವಿಡೀ ಹೊಲಿಗೆ ಮಿಷನ್ ಮುಂದೆ ಕೂತು ಬಂದವಳಿಗೆ ಮಗಳ ಕಾಲೇಜು ಬಿಟ್ಟು ಬೇರೆ ಆಸೆ ಏನಿದೆ? ಸಿಟ್ಟು ಬರುವುದು ಆಸ್ಪತ್ರೆ, ಶಾಲೆಗಳ ಮೇಲೆ. ಸರ್ಕಾರದ ದುಡ್ಡು ಪಡೆಯುವ ಆಸ್ಪತ್ರೆ ದುಭಾಷಿ ಕೊಡಲೇಬೇಕು ಅಂತ ಕಾನೂನಿದ್ದರೂ, ಕೌಂಟರಿನಲ್ಲಿ ಅಮ್ಮನ ಕಾಯಿಲೆ ವಿವರಿಸುತ್ತಾ ನಿಂತಿರುವುದು ಕ್ಲಾಸು ತಪ್ಪಿಸಿ ಬಂದ ಮಗಳು. ಮೊದಲು ಆ ಕೆಲಸಕ್ಕೆ ಸಂಬಳದ ಜನ ಇಡಲಿ. ಹುಡುಗಿಯರ ಪ್ರೀತಿ ಬಗ್ಗೆ ಬುದ್ಧಿವಾದ ಆಮೇಲೆ ಹೇಳಿದರಾಯಿತು.