ಡಬ್ಲ್ಯೂ ಡಬ್ಲ್ಯೂ ಡಬ್ಲ್ಯೂ ಡಾಟ್ ನಾನೇ

ಕಳೆದ ಭಾನುವಾರ ನಮ್ಮ ಕವಿಮಿತ್ರರ ಜಾಲತಾಣದ ಲೋಕಾರ್ಪಣೆ ಇತ್ತು. ಆಹ್ವಾನ ಪತ್ರಿಕೆಯಲ್ಲಿ ಬೆಳಿಗ್ಗೆ ಹತ್ತೂವರೆ ಅಂತ ಇತ್ತು, ಹಾಗಾಗಿ ನಾನು ಹನ್ನೊಂದೂವರೆಗೆ ಹೋದೆ. ನನಗಿಂತ ಮೊದಲು ಬಂದಿದ್ದದ್ದು ಉಪ್ಪಿಟ್ಟು, ಕೇಸರಿಬಾತು ಮಾತ್ರ.

ವೇದಿಕೆ ಮೇಲೆ ಏಳು ಕುರ್ಚಿ, ಒಂದು ದೀಪದ ಕಂಬ, ಒಂದು ಲ್ಯಾಪ್‌ಟಾಪ್. ಮುಖ್ಯ ಅತಿಥಿಗಳು ಮೌಸ್ ಒತ್ತಿದ ಕೂಡಲೇ ಹಿಂದಿನ ಪರದೆಯಲ್ಲಿ ಜಾಲತಾಣ ಅರಳಬೇಕು ಅಂತ ಏರ್ಪಾಡು. ಒತ್ತಿದರು. ಪರದೆಯಲ್ಲಿ ಒಂದು ಚಕ್ರ ತಿರುಗತೊಡಗಿತು. ಸಭೆ ಚಪ್ಪಾಳೆ ತಟ್ಟಿತು. ಚಕ್ರ ತಿರುಗುತ್ತಲೇ ಇತ್ತು. ಸಭಾಂಗಣದಲ್ಲಿ ನೆಟ್ ಸಿಗುತ್ತಿರಲಿಲ್ಲ. ನಿರೂಪಕರು "ಇದು ಕಾಲಚಕ್ರದ ಸಂಕೇತ" ಅಂತ ಸ್ವಲ್ಪ ಹೊತ್ತು ಸಂಭಾಳಿಸಿದರು.

ಆದರೆ ಕವಿಗಳು ಹುಷಾರು. ಹೀಗೆ ಆಗಬಹುದು ಅಂತ ಮೊದಲೇ ಜಾಲತಾಣದ ಮುಖಪುಟವನ್ನು ಬಣ್ಣದಲ್ಲಿ ಪ್ರಿಂಟ್ ಹಾಕಿಸಿ, ಲ್ಯಾಮಿನೇಷನ್ ಮಾಡಿಸಿ, ಏಳು ಪ್ರತಿ ಬಣ್ಣದ ಕಾಗದದಲ್ಲಿ ಸುತ್ತಿ, ರಿಬ್ಬನ್ ಕಟ್ಟಿ ತಂದಿದ್ದರು. ಗಣ್ಯರು ರಿಬ್ಬನ್ ಎಳೆದು, ಎದೆಮಟ್ಟಕ್ಕೆ ಹಿಡಿದು, ಫೋಟೋದವರ ಕಡೆ ತಿರುಗಿದರು. ಒಬ್ಬರು ಜಾಲತಾಣವನ್ನು ತಲೆಕೆಳಗಾಗಿ ಹಿಡಿದಿದ್ದರು. ಅಧ್ಯಕ್ಷರು "ಕೃತಿಯನ್ನು ಇನ್ನೂ ಪೂರ್ತಿ ಓದಿಲ್ಲ, ಆದರೆ ಕಾಗದ, ಮುದ್ರಣ ಎರಡೂ ಅಚ್ಚುಕಟ್ಟಾಗಿವೆ" ಎಂದರು.

ಇದು ಕವಿಗಳ ಎರಡನೇ ಜಾಲತಾಣ. ಮೊದಲನೆಯದರಲ್ಲಿ ಒಂದು ನವಿಲುಗರಿ ತಾನೇ ಕುಣಿದು ಅವರ ಹೆಸರು ಬರೆಯುತ್ತಿತ್ತು. ಅದು ಫ್ಲ್ಯಾಶ್ ಅಂತ, ಪುಟದಲ್ಲಿ ಚಿತ್ರ ಕುಣಿಸುವ ತಂತ್ರಾಂಶದ ಕೆಲಸ. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಬಾಗಿಲು ಹಾಕಿತು, ಗರಿ ಇದ್ದ ಕಡೆ ಬೂದು ಚೌಕ ಉಳಿಯಿತು. ಕವಿಗಳು ಅದನ್ನು ನವ್ಯ ಅಂದುಕೊಂಡು ಬಿಟ್ಟರು. ಆಮೇಲೆ ವಿಳಾಸದ ವರ್ಷದ ಬಾಡಿಗೆ ಕಟ್ಟುವುದು ಮರೆಯಿತು. ನೆನಪಿಸುವ ಮೇಲ್‌ಗಳು ಬಂದಿದ್ದವಂತೆ, ಆದರೆ ಅವರು ತೆರೆಯದ ಡಬ್ಬಕ್ಕೆ. ಹೀಗೆ ಬಿಟ್ಟ ವಿಳಾಸವನ್ನು ಯಾರು ಬೇಕಾದರೂ ಕೊಳ್ಳಬಹುದು. ಯಾರೋ ಕೊಂಡರು. ಈಗ ಅವರ ಮೂರು ಸಂಕಲನಗಳ ಬೆನ್ನುಡಿಯ ಕೆಳಗೆ ಅಚ್ಚಾದ ವಿಳಾಸವನ್ನು ಮೊಬೈಲಿನಲ್ಲಿ ಒತ್ತಿದರೆ ಆನ್‌ಲೈನ್ ರಮ್ಮಿ ತೆರೆದುಕೊಳ್ಳುತ್ತದೆ. ಒಬ್ಬ ಪಿಯುಸಿ ಹುಡುಗ ಕಾವ್ಯ ಓದಲು ಹೋಗಿ ಇನ್ನೂರು ರೂಪಾಯಿ ಕಳೆದುಕೊಂಡನಂತೆ. ಕನ್ನಡ ಕಾವ್ಯಕ್ಕೆ ಅಷ್ಟು ದುಡ್ಡು ಯಾರೂ ಹಾಕಿರಲಿಲ್ಲ.

ಬಸ್ಸಿನಲ್ಲಿ ವಾಪಸ್ ಬರುವಾಗ ಹೊಸ ತಾಣ ನೋಡೋಣ ಅಂತ ಮೊಬೈಲ್ ತೆಗೆದೆ. ವಿಳಾಸ ಟೈಪ್ ಮಾಡೋದೇ ಒಂದು ಸಾಹಸ. ಸಂಖ್ಯಾಶಾಸ್ತ್ರದವರು ಹೇಳಿದರು ಅಂತ ಇಂಗ್ಲಿಷ್ ಹೆಸರಿನಲ್ಲಿ ಎರಡು 'ಎ', ಒಂದು 'ಹೆಚ್' ಜಾಸ್ತಿ ಹಾಕಿಸಿದ್ದಾರೆ. ಈಗ ಕನ್ನಡ ಲಿಪಿಯಲ್ಲೇ 'ಡಾಟ್ ಭಾರತ' ವಿಳಾಸ ಸಿಗುತ್ತದಲ್ಲ ಸಾರ್ ಅಂತ ಹಿಂದೆ ಹೇಳಿದ್ದೆ. "ಅದು ಸ್ವಲ್ಪ ಲೋಕಲ್ ಅನ್ಸುತ್ತೆ ಕಣ್ರೀ" ಎಂದಿದ್ದರು. ಕನ್ನಡದ ಉಳಿವಿಗಾಗಿ ನಲವತ್ತು ಪದ್ಯ ಬರೆದವರು.

ಐದನೇ ಪ್ರಯತ್ನಕ್ಕೆ ತೆರೆಯಿತು. ವಿಳಾಸದ ಪಕ್ಕ 'ಸುರಕ್ಷಿತವಲ್ಲ' ಅಂತ ಬರುತ್ತಿತ್ತು. ತಾಣಕ್ಕೂ ಓದುಗನಿಗೂ ನಡುವಿನ ಮಾತು ಬೇರೆಯವರ ಕಿವಿಗೆ ಬೀಳದಂತೆ ಕಾಯುವ ಸರ್ಟಿಫಿಕೇಟ್ ಹಾಕಿಸಿಕೊಳ್ಳದ ತಾಣಗಳಿಗೆಲ್ಲ ಗೂಗಲ್‌ನ ಕ್ರೋಮ್ ಬ್ರೌಸರ್ 2018ರ ಜುಲೈಯಿಂದ ಈ ಹಣೆಪಟ್ಟಿ ಹಚ್ಚುತ್ತದೆ. ಆ ಸರ್ಟಿಫಿಕೇಟು ಪುಕ್ಕಟೆಯಾಗಿಯೂ ಸಿಗುತ್ತದೆ. ಫೋನ್ ಮಾಡಿ ತಿಳಿಸಿದೆ. ಕವಿಗಳು ಬಂಡಾಯದ ಕಾಲದವರು, ಅವರಿಗೆ ಭಾರೀ ಖುಷಿ. "ನನ್ನ ಕಾವ್ಯ ಸುರಕ್ಷಿತವಲ್ಲ ಅಂತ ಕೊನೆಗೂ ಗೂಗಲ್‌ನವರು ಒಪ್ಪಿದರಲ್ಲ! ನಮ್ಮ ವಿಮರ್ಶಕರಿಗೆ ಇನ್ನೂ ತಿಳಿದಿಲ್ಲ ನೋಡಿ." ತೆಗೆಸಬೇಡಿ, ಹಾಗೇ ಇರಲಿ ಎಂದೆ.

ಮೊದಲ ಪುಟದಲ್ಲಿ ಹಿರಿಯರೊಬ್ಬರ ಮುನ್ನುಡಿ. ಹೌದು, ಜಾಲತಾಣಕ್ಕೆ ಮುನ್ನುಡಿ. ಆಮೇಲೆ ಬಾಲ್ಯ, ವಂಶಾವಳಿ, ಪ್ರಶಸ್ತಿ, ಸನ್ಮಾನ, 'ಗಣ್ಯರೊಂದಿಗೆ'. ಸನ್ಮಾನ ವಿಭಾಗದಲ್ಲಿ ಅರವತ್ತೆರಡು ಫೋಟೋ: ಅದೇ ಶಾಲು, ಅದೇ ಮೈಸೂರು ಪೇಟ, ಅದೇ ಹಣ್ಣಿನ ಬುಟ್ಟಿ. ಬುಟ್ಟಿಯಲ್ಲಿ ಪೈನಾಪಲ್ ಇದ್ದರೆ ಜಿಲ್ಲಾ ಮಟ್ಟ, ಬರೀ ಮೂಸಂಬಿಯಾದರೆ ಹೋಬಳಿ ಮಟ್ಟ ಅಂತ ಮೂವತ್ತನೇ ಫೋಟೋ ಹೊತ್ತಿಗೆ ನನಗೂ ಲೆಕ್ಕ ಸಿಕ್ಕಿತು. 'ಗಣ್ಯರೊಂದಿಗೆ' ವಿಭಾಗದ ಒಂದು ಚಿತ್ರದಲ್ಲಿ ಗಣ್ಯರು ಪೂರ್ತಿ ಇದ್ದಾರೆ, ಕವಿಗಳ ಎಡಭುಜ ಮಾತ್ರ ಇದೆ. ಭುಜಕ್ಕೆ ಬಾಣದ ಗುರುತು ಹಾಕಿದ್ದಾರೆ.

ಪುಸ್ತಕ ಎಲ್ಲಿ ಅಂತ ಹುಡುಕಿದೆ. 'ಇತರೆ' ಅನ್ನುವುದರ ಒಳಗೆ ಸಿಕ್ಕಿತು. ಒಂದು ಮುಖಪುಟದ ಚಿತ್ರ, ಸೊಟ್ಟಗೆ. ಒತ್ತಿದರೆ ದೊಡ್ಡದಾಯಿತು. ಮತ್ತೆ ಒತ್ತಿದರೆ ಚಿಕ್ಕದಾಯಿತು. ಬೆಲೆ ಇಲ್ಲ, ಪುಟ ಎಷ್ಟು ಅಂತ ಇಲ್ಲ, ಓದಿ ನೋಡೋಣ ಅಂದರೆ ಒಂದು ಪದ್ಯವೂ ಇಲ್ಲ. ಪದ್ಯ ಹಾಕಿದರೆ ಕದಿಯುತ್ತಾರಂತೆ! ಕೆಳಗೆ 'ನೀವು 00417ನೇ ಸಂದರ್ಶಕರು' ಅಂತ ಇತ್ತು. ಸುಮ್ನೆ ಒಂದು ಸಲ ರಿಫ್ರೆಶ್ ಮಾಡಿದೆ, 418 ಆಯಿತು. ಇನ್ನು ನಾಲ್ಕು ಸಲ ಮಾಡಿ ಕವಿಗಳಿಗೆ ನನ್ನ ಕಾಣಿಕೆ ಸಲ್ಲಿಸಿದೆ. ಉಳಿದ 416ರಲ್ಲಿ 400 ಅವರದೇ ಇರಬೇಕು.

ಗಳಗನಾಥರು ನೆನಪಾದರು. 1869ರಲ್ಲಿ ಹುಟ್ಟಿ 1942ರಲ್ಲಿ ತೀರಿಕೊಂಡವರು. ತಮ್ಮ ಕಾದಂಬರಿಗಳ ಗಂಟನ್ನು ತಲೆ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರು. ಅವರಿಗೆ ಹೋಮ್ ಪೇಜ್ ಇರಲಿಲ್ಲ, ಹೋಮಿಗೇ ಹೋಗುತ್ತಿದ್ದರು. ಬಾಗಿಲಿಗೆ ಬಂದವರು ಗಂಟು ಬಿಚ್ಚುವ ಬದಲು ಮೊದಲು ಶಾಲು ಹೊದ್ದ ಅರವತ್ತೆರಡು ಫೋಟೋ ತೋರಿಸಿದ್ದರೆ ಮನೆಯವರು ಏನು ಮಾಡುತ್ತಿದ್ದರು? ನಾಯಿ ಬಿಡುತ್ತಿದ್ದರು, ಅಲ್ವಾ?

ಇಷ್ಟೆಲ್ಲ ನಗುವ ನನಗೂ ಒಂದು ಜಾಲತಾಣ ಇದೆ. ಮುಚ್ಚಿಡುವುದೇಕೆ.

ಎರಡು ವರ್ಷದ ಹಿಂದೆ ಅಕ್ಕನ ಮಗ ಮಾಡಿಕೊಟ್ಟ. "ಮಾವ, ನಿಮ್ಮ ಪುಸ್ತಕಗಳ ಪಟ್ಟಿ, ಬೆಲೆ, ಎಲ್ಲಿ ಸಿಗುತ್ತೆ, ಒಂದೊಂದು ಪುಸ್ತಕದಿಂದ ನಾಲ್ಕು ಪುಟ, ನಿಮ್ಮದೊಂದು ಒಳ್ಳೇ ಫೋಟೋ, ಒಂದು ಮೇಲ್ ಐಡಿ ಕೊಡಿ. ಸಾಕು" ಎಂದ. ನನಗೆ ಅವಮಾನವಾಯಿತು. ಮೂವತ್ತು ವರ್ಷದ ಸಾಹಿತ್ಯ ಸೇವೆ ಒಂದೇ ಪುಟದಲ್ಲಿ ಮುಗಿಯುತ್ತಾ? ಡಿಟಿಪಿಯವರ ಹತ್ತಿರ ಇದ್ದ ಫೈಲುಗಳನ್ನೆಲ್ಲ ತಂದು ಅವನ ಮುಂದೆ ಸುರಿದೆ. ಅವನು ಒಂದು ಕಥೆ ತೆಗೆದು ತಾಣಕ್ಕೆ ಹಾಕಿದ.

ತೆರೆದು ನೋಡಿದರೆ 'ಕನ್ನಡ' ಅಂತ ಇದ್ದ ಕಡೆ ಇಂಗ್ಲಿಷಿನ 'ಪಿ', ಪಕ್ಕದಲ್ಲಿ ತಲೆ ಮೇಲೆ ಕಡ್ಡಿ ಸಿಕ್ಕಿಸಿಕೊಂಡ 'ಎ', ಅದರ ಪಕ್ಕ ಪೌಂಡ್ ಚಿಹ್ನೆ. ಇಂಗ್ಲಿಷ್ ಅಕ್ಷರ, ಚಿಹ್ನೆಗಳಿಗೆ ಕನ್ನಡದ ವೇಷ ಹಾಕುವ ಹಳೇ ಆಸ್ಕಿ ಫಾಂಟಿನ ಮಹಿಮೆ. ಆ ಫಾಂಟಿನಲ್ಲಿ 'ನ' ಅಕ್ಷರದ ಮುಸುಕು ತೆಗೆದರೆ ಒಳಗೆ ಕೂತಿರುವುದು ಬ್ರಿಟಿಷರ ಪೌಂಡು. ಕಥೆಯ ತುಂಬ 'ನಾನು, ನನ್ನ, ನನಗೆ' ಇದ್ದುದರಿಂದ ಸಾಲಿಗೆ ಆರೇಳು ಪೌಂಡ್ ಉದುರುತ್ತಿದ್ದವು. ಜೀವಮಾನದಲ್ಲಿ ಒಂದೂ ಪೈಸೆ ಗೌರವಧನ ಕಾಣದವನು ಆ ಪುಟವನ್ನು ತುಂಬಾ ಹೊತ್ತು ನೋಡಿದೆ.

"ಯೂನಿಕೋಡ್‌ಗೆ, ಅಂದ್ರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗೋ ಅಕ್ಷರ ಸಂಕೇತಕ್ಕೆ, ಬದಲಾಯಿಸಬೇಕು ಮಾವ. ಇಲ್ಲದಿದ್ದರೆ ಗೂಗಲ್‌ಗೆ ನಿಮ್ಮ ಹೆಸರು ಕೂಡ ಓದಕ್ಕೆ ಬರಲ್ಲ."

"ಯೂನಿಕೋಡ್‌ನಲ್ಲಿ ಕನ್ನಡ ಬಂತೇನೋ?"

"1991ರಲ್ಲೇ ಬಂದಿದೆ ಮಾವ. ನಾನು ಹುಟ್ಟೋಕೆ ಮುಂಚೆ."

ಬದಲಾಯಿಸಿಕೊಟ್ಟ ಪಾಪ. ಒತ್ತಕ್ಷರಗಳು ಅಲ್ಲಲ್ಲಿ ಜಾರಿದ್ದವು, ಅವನ್ನೂ ಎತ್ತಿ ಕೂರಿಸಿದ. ಪುಸ್ತಕದ ಪಟ್ಟಿಯ ಜಾಗಕ್ಕೆ ನನ್ನ ಒತ್ತಾಯದ ಮೇಲೆ ನನ್ನ ಪ್ರೈಮರಿ ಸ್ಕೂಲಿನ ಗ್ರೂಪ್ ಫೋಟೋ ಹಾಕಿದ. 'ಸಂಪರ್ಕಿಸಿ' ಅನ್ನುವ ಪುಟಕ್ಕೊಂದು ಮೇಲ್ ಡಬ್ಬ ಮಾಡಿ, ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಟ್ಟು ಅಮೆರಿಕಕ್ಕೆ ಹೋದ. ಚೀಟಿ ನಿನ್ನೆ ಅಡುಗೆಮನೆಯ ಸಾಂಬಾರ್ ಪುಡಿ ಡಬ್ಬದ ಕೆಳಗೆ ಸಿಕ್ಕಿತು.

ತೆರೆದೆ. ಐನೂರಕ್ಕೂ ಜಾಸ್ತಿ ಪತ್ರ! ಹೆಂಡತಿಯನ್ನು ಕೂಗಿ ಕರೆದೆ. ಇಬ್ಬರೂ ಕೂತು ಓದಿದೆವು. ಎಲ್ಲವೂ ನನ್ನ ತಾಣವನ್ನು ಗೂಗಲ್‌ನ ಮೊದಲ ಪುಟಕ್ಕೆ ತರುತ್ತೇವೆ ಅಂತ ಭರವಸೆ ಕೊಡುವವರವು. ಒಂದು ಮಾತ್ರ ಬೇರೆ. ಹಾವೇರಿ ಕಡೆಯ ಒಬ್ಬ ಮೇಷ್ಟ್ರು ಬರೆದಿದ್ದರು, ಒಂದೂವರೆ ವರ್ಷದ ಹಿಂದೆ. 'ನಿಮ್ಮ ಕಥೆ ಹಿಡಿಸಿತು. ಪುಸ್ತಕ ಎಲ್ಲಿ ಸಿಗುತ್ತದೆ ತಿಳಿಸಿ. ಎಷ್ಟು ಕಳಿಸಬೇಕು?'

"ಮಂಚದ ಕೆಳಗೆ ಮುನ್ನೂರು ಬಿದ್ದಿವೆಯಲ್ಲ. ಒಂದು ಪೋಸ್ಟ್ ಮಾಡಿ ಅತ್ಲಾಗೆ. ಕಸ ಗುಡಿಸೋಕಾದರೂ ಜಾಗ ಆಗುತ್ತೆ" ಎಂದಳು ಹೆಂಡತಿ.

ಅವಳಿಗೆ ಇದೆಲ್ಲ ಅರ್ಥವಾಗುವುದಿಲ್ಲ. ಜಾಲತಾಣ ಇಟ್ಟುಕೊಂಡು ಹೀಗೆ ಕೈಯಿಂದ ಕಳಿಸಿದರೆ ಮರ್ಯಾದೆ ಇರುತ್ತಾ? 'ಕೊಳ್ಳಿ' ಅಂತ ಒಂದು ಬಟನ್ ಹಾಕಿಸಬೇಕು, ಮೇಷ್ಟ್ರು ಅದನ್ನು ಒತ್ತಿಯೇ ಕೊಳ್ಳಬೇಕು. ಬಟನ್ನಿನ ಲೋಕಾರ್ಪಣೆಗೆ ಕವಿಗಳನ್ನೇ ಅಧ್ಯಕ್ಷತೆಗೆ ಕೇಳಿದ್ದೇನೆ. ಸಭಾಂಗಣ ಆಷಾಢ ಕಳೆದ ಮೇಲೆ ಸಿಗುತ್ತದಂತೆ. ರಿಬ್ಬನ್ ತಂದಿಟ್ಟಾಗಿದೆ.