ಲ್ಯಾಪ್‌ಟಾಪ್ ತಗೊಳ್ಳೋ ಮುಂಚೆ ತಳ ತಿರುಗಿಸಿ ನೋಡಿ

ಸಿಇಟಿ ಸೀಟು ಹಂಚಿಕೆ ಶುರುವಾಯ್ತು ಅಂದ್ರೆ ಸಾಕು, ಲ್ಯಾಪ್‌ಟಾಪ್ ಯಾವುದು ತಗೊಳ್ಳೋದು ಅಂತ ಕೇಳೋ ಫೋನ್‌ಗಳೂ ಶುರು. ಎಲ್ಲರದ್ದೂ ಒಂದೇ ಮಾತು, ಇಂಟೆಲ್ ಪ್ರೊಸೆಸರ್ ಐ5 ಇರ್ಲಾ ಐ7 ಇರ್ಲಾ, ಇಷ್ಟು ಬಜೆಟ್, ನಾಲ್ಕು ವರ್ಷ ಬಾಳಿಕೆ ಬರ್ಬೇಕು. ಆದ್ರೆ ಬಿಚ್ಚಿ ರಿಪೇರಿ ಮಾಡೋಕೆ ಬರುತ್ತಾ ಅಂತ ಒಬ್ಬರೂ ಕೇಳಲ್ಲ. ದಿನಾ ಲ್ಯಾಪ್‌ಟಾಪ್ ಬಿಚ್ಚಿ ಕೂಡಿಸೋದೇ ನನ್ನ ಕೆಲಸ, ನನ್ನ ಪ್ರಕಾರ ಮೊದಲು ಕೇಳಬೇಕಾಗಿರೋದೇ ಅದನ್ನ.

ಯಾಕೆ ಅಂದ್ರೆ ಸರ್ವಿಸ್‌ಗೆ ಬರೋ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್ ಹೋಗಿರೋದು ಅಪರೂಪ ರೀ. ಬ್ಯಾಟರಿ ಉಬ್ಬಿರುತ್ತೆ, ಫ್ಯಾನ್ ತುಂಬಾ ಧೂಳು, ಚಾರ್ಜಿಂಗ್ ಪಿನ್ ಲೂಸ್, ಕೀಬೋರ್ಡ್ ಮೇಲೆ ಟೀ, ಮತ್ತೆ ಎಲ್ಲಕ್ಕಿಂತ ಹೆಚ್ಚಾಗಿ ಹಿಂಜ್, ಅಂದ್ರೆ ಸ್ಕ್ರೀನನ್ನ ಬಾಡಿಗೆ ಜೋಡಿಸೋ ಕೀಲು. ಕಡಿಮೆ ಬೆಲೆಯ ಪ್ಲಾಸ್ಟಿಕ್ ಬಾಡಿ ಲ್ಯಾಪ್‌ಟಾಪ್‌ಗಳಲ್ಲಿ ಹಿಂಜ್‌ನ ಸ್ಕ್ರೂ ಹಿಡ್ಕೊಂಡಿರೋದು ಪ್ಲಾಸ್ಟಿಕ್‌ನಲ್ಲಿ ಕೂರಿಸಿರೋ, ಕಡಲೆಕಾಳಿಗಿಂತ ಚಿಕ್ಕ ಹಿತ್ತಾಳೆ ನಟ್‌ಗಳು. ಮಕ್ಕಳು ಸ್ಕ್ರೀನ್‌ನ ಒಂದೇ ಮೂಲೆ ಹಿಡಿದು ಎತ್ತಿ ಎತ್ತಿ, ಹಿಂಜ್ ಬಿಗಿಯಾಗ್ತಾ ಆಗ್ತಾ ಒಂದಿನ ಆ ನಟ್ ಪ್ಲಾಸ್ಟಿಕ್ ಸಮೇತ ಕಿತ್ಕೊಂಡು ಬರುತ್ತೆ, ಬಾಡಿ ಬಾಯಿ ಬಿಡುತ್ತೆ, ಹಾಗೇ ಬಳಸ್ತಾ ಇದ್ರೆ ಡಿಸ್‌ಪ್ಲೇ ಕೇಬಲ್ಲೂ ಹೋಗುತ್ತೆ. ಎಂ-ಸೀಲ್ ಹಾಕಿ ಕೊಡಿ ಅಂತಾರೆ, ಅದು ಮೂರು ತಿಂಗಳ ಕಥೆ ಅಷ್ಟೇ. ಅದಕ್ಕೇ ಅಂಗಡಿಯಲ್ಲಿ ಸ್ಕ್ರೀನನ್ನ ಮಧ್ಯಕ್ಕೆ ಹಿಡಿದು ನಿಧಾನಕ್ಕೆ ಎತ್ತಿ ನೋಡಿ, ಹಿಂಜ್ ಹತ್ರ ಬಾಡಿ ಬಾಗುತ್ತಾ, ಕಿರ್ರ್ ಅನ್ನುತ್ತಾ ಗಮನಿಸಿ. ಆಮೇಲೆ ತಳ ತಿರುಗಿಸಿ. ಸಾಮಾನ್ಯ ಸ್ಕ್ರೂ ಕಾಣ್ತಿದ್ಯಾ, ಇಲ್ಲ ರಬ್ಬರ್ ಪಟ್ಟಿ ಕಿತ್ತೇ ತೆಗೀಬೇಕಾ? ಯೂಟ್ಯೂಬಲ್ಲಿ ಆ ಮಾಡೆಲ್ ಬಿಚ್ಚೋ ವಿಡಿಯೋ ಹುಡುಕಿ ಒಳಗಡೆ ರ‍್ಯಾಮ್ (ಕೆಲಸ ನಡೀತಿರೋವಾಗ ಬಳಸೋ ಮೆಮೊರಿ) ಸ್ಲಾಟ್ ಎಷ್ಟಿದೆ, ಫೈಲ್‌ಗಳು ಉಳಿಯೋ ಎಸ್‌ಎಸ್‌ಡಿ ಬದಲಾಯಿಸೋಕೆ ಬರುತ್ತಾ ನೋಡ್ಕೊಳ್ಳಿ.

ರ‍್ಯಾಮ್ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ. ಈಗಿನ ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಸಲ ರ‍್ಯಾಮನ್ನ ಮದರ್‌ಬೋರ್ಡಿಗೇ ಬೆಸುಗೆ ಹಾಕಿರ್ತಾರೆ. 8 ಜಿಬಿ ಬೆಸುಗೆ ಹಾಕಿ, ಖಾಲಿ ಸ್ಲಾಟೂ ಇಲ್ಲ ಅಂದ್ರೆ ಅದು ಕೊನೇವರೆಗೂ 8 ಜಿಬಿನೇ. ಕ್ರೋಮ್‌ನಲ್ಲಿ ಹತ್ತು ಟ್ಯಾಬ್, ಜೊತೆಗೆ ಕೋಡ್ ಬರೆಯೋ ಸಾಫ್ಟ್‌ವೇರ್, ಪಕ್ಕದಲ್ಲಿ ಟೀಮ್ಸ್ ಮೀಟಿಂಗ್, ಇಷ್ಟಕ್ಕೇ ಅದು ತುಂಬ್ಕೊಳ್ಳುತ್ತೆ. ಮುಂಚೆ ಆದ್ರೆ ಈಗ 8 ತಗೊಳ್ಳಿ, ಆಮೇಲೆ ಇನ್ನೊಂದು 8 ಹಾಕ್ಸಿ ಅಂತ ಧೈರ್ಯವಾಗಿ ಹೇಳ್ತಿದ್ದೆ. 2025ರ ಕೊನೆಯಿಂದ ರ‍್ಯಾಮ್ ರೇಟ್ ಏರಿರೋದ್ರಿಂದ ಆ ಮಾತೂ ಕಷ್ಟ ಆಗಿದೆ. ಚಿಪ್ ಮಾಡೋ ಕಂಪನಿಗಳೆಲ್ಲ ಎಐ ಸರ್ವರ್‌ಗಳ ಕಡೆ ತಿರುಗಿವೆ, ನಾವು ಕಣ್ಮುಚ್ಚಿ ಹಾಕ್ತಿದ್ದ ಕ್ರೂಶಿಯಲ್ ಬ್ರ್ಯಾಂಡನ್ನೇ ನಿಲ್ಲಿಸ್ತೀವಿ ಅಂತ ಅದನ್ನ ಮಾಡೋ ಮೈಕ್ರಾನ್ ಕಂಪನಿ 2025ರ ಡಿಸೆಂಬರ್‌ನಲ್ಲಿ ಹೇಳಿಬಿಡ್ತು. ಹಂಗಾಗಿ ಕೈಗೆ ಎಟುಕಿದ್ರೆ ಈಗಲೇ 16 ಜಿಬಿ, ಎಟುಕದಿದ್ರೆ ಸ್ಲಾಟ್ ಇರೋದೇ ತಗೊಳ್ಳಿ.

ಇನ್ನು ಪ್ರೊಸೆಸರ್ ಸ್ಟಿಕ್ಕರ್. ಐ7 ಇದೆ ಸರ್ ಅಂತಾರೆ, ನೋಡಿದ್ರೆ ಐ7-6600ಯು, 6ನೇ ಜನರೇಷನ್ನು, ಬರೀ 2 ಕೋರ್ (ಪ್ರೊಸೆಸರ್ ಒಳಗೆ ಕೆಲಸ ಮಾಡೋ ಭಾಗ). ಐ3-1215ಯು ಅಂದ್ರೆ 12ನೇ ಜನರೇಷನ್, 6 ಕೋರ್, ಆ ಹಳೇ ಐ7ನ ಆರಾಮಾಗಿ ಹಿಂದೆ ಹಾಕುತ್ತೆ. ಇನ್ನೊಂದು ಪ್ರೊಸೆಸರ್ ಕಂಪನಿ ಎಎಂಡಿಯಲ್ಲಂತೂ ಇನ್ನೂ ಗೊಂದಲ. ರೈಜನ್ 5 7520ಯು ಮತ್ತೆ 7530ಯು ಎರಡೂ ಅಕ್ಕಪಕ್ಕದ ನಂಬರ್, ಆದ್ರೆ ಮೊದಲನೇದರಲ್ಲಿ 4 ಕೋರ್, 2019ರ ಜೆನ್ 2 (ಜೆನ್ ಅಂದ್ರೆ ಎಎಂಡಿ ಚಿಪ್ ವಿನ್ಯಾಸದ ಹೆಸರು) ವಿನ್ಯಾಸ, ರ‍್ಯಾಮ್ ಬೇರೆ ಬೋರ್ಡಿಗೇ ಬೆಸುಗೆ. ಎರಡನೇದರಲ್ಲಿ 6 ಕೋರ್, ಜೆನ್ 3. ಈ 7000 ಸೀರೀಸ್‌ನಲ್ಲಿ ಮೂರನೇ ಅಂಕಿ ನೋಡಿ, ಅದರಲ್ಲೇ ಯಾವ ಜೆನ್ ಅಂತ ಗೊತ್ತಾಗುತ್ತೆ. ಗ್ರಾಹಕರಿಗೆ ಇಷ್ಟೆಲ್ಲ ಹೇಗೆ ಗೊತ್ತಾಗ್ಬೇಕು ಹೇಳಿ, ನನಗೆ ಇದು ನೋಡಿದ್ರೆ ನಿಜವಾಗ್ಲೂ ಸಿಟ್ಟು ಬರುತ್ತೆ.

ಕಂಪ್ಯೂಟರ್ ಸೈನ್ಸ್ ಅಂದ ತಕ್ಷಣ ಗೇಮಿಂಗ್ ಲ್ಯಾಪ್‌ಟಾಪ್ ಬೇಡ. ಭಾರ, ಬ್ಯಾಟರಿ ಬೇಗ ಖಾಲಿ, ಇಟ್ಟಿಗೆಯಷ್ಟು ದಪ್ಪ ಚಾರ್ಜರ್. ತ್ರೀಡಿ ಕೆಲಸ, ವಿಡಿಯೋ ಎಡಿಟಿಂಗ್ ಇದ್ದವರಿಗೆ ಸರಿ.

ಬಜೆಟ್ ತೀರಾ ಕಡಿಮೆ ಅನ್ನೋರಿಗೆ ನನ್ನ ಸಲಹೆ, ಅಷ್ಟಕ್ಕೆ ಬರೋ ಹೊಸ ಪ್ಲಾಸ್ಟಿಕ್ ಲ್ಯಾಪ್‌ಟಾಪ್ ಬಿಟ್ಟು ಕಂಪನಿಗಳಲ್ಲಿ ಬಳಸಿದ ಬಿಸಿನೆಸ್ ಲ್ಯಾಪ್‌ಟಾಪ್ ತಗೊಳ್ಳಿ. ಬೆಂಗಳೂರಿನ ಆಫೀಸ್‌ಗಳು ಮೂರ್ನಾಲ್ಕು ವರ್ಷಕ್ಕೊಮ್ಮೆ ಬದಲಾಯಿಸ್ತಾನೇ ಇರ್ತವೆ, ಅವೆಲ್ಲ ಅಲ್ಲಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ ಎಸ್‌ಪಿ ರೋಡಿಗೆ ಬರ್ತವೆ, ಅಲ್ಲಿಂದ ನಮ್ಮ ಊರುಗಳಿಗೂ. ಡೆಲ್ ಲ್ಯಾಟಿಟ್ಯೂಡ್ 5420, ಎಚ್‌ಪಿ ಎಲೈಟ್‌ಬುಕ್ 840 ಜಿ8, ಎರಡೂ 11ನೇ ಜನರೇಷನ್ನು, ಎರಡರಲ್ಲೂ ಎರಡೆರಡು ರ‍್ಯಾಮ್ ಸ್ಲಾಟ್. ಥಿಂಕ್‌ಪ್ಯಾಡ್ ಟಿ14 ಜೆನ್ 2ರಲ್ಲಿ (ಇಲ್ಲಿ ಜೆನ್ ಅಂದ್ರೆ ಜನರೇಷನ್, ಎಎಂಡಿಯ ಜೆನ್ ಅಲ್ಲ) ಒಂದು ಬೆಸುಗೆ, ಒಂದು ಸ್ಲಾಟ್. ಹಿಂಜ್ ಗಟ್ಟಿ, ಸ್ಪೇರ್ ಸಿಗುತ್ತೆ, ಬಿಚ್ಚೋದು ಸುಲಭ. ಇಂಟೆಲ್‌ನಲ್ಲಿ 7ನೇ ಜನರೇಷನ್ ಮತ್ತೆ ಅದಕ್ಕಿಂತ ಹಳೇದನ್ನ ಮಾತ್ರ ಎಷ್ಟು ಅಗ್ಗ ಅಂದ್ರೂ ಬೇಡ. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು, ವಿಂಡೋಸ್ 11 ಅಧಿಕೃತವಾಗಿ ಶುರುವಾಗೋದೇ ಹೆಚ್ಚುಕಡಿಮೆ 8ನೇ ಜನರೇಷನ್‌ನಿಂದ, ಅದಕ್ಕೇ ಈಗ ಹಳೇ ಮಾಲನ್ನೆಲ್ಲ ಅಗ್ಗಕ್ಕೆ ದಾಟಿಸ್ತಿದ್ದಾರೆ. ವಿಂಡೋಸ್ ಬದಲು ಲಿನಕ್ಸ್ ಹಾಕ್ಕೊಂಡು ಬಳಸೋರಾದ್ರೆ ಬೇರೆ ಮಾತು.

ಸೆಕೆಂಡ್ ಹ್ಯಾಂಡ್ ತಗೊಳ್ಳೋವಾಗ ಅವಸರ ಮಾಡ್ಬೇಡಿ. ಆನ್ ಮಾಡಿ ಬಯೋಸ್ (ವಿಂಡೋಸ್‌ಗಿಂತ ಮುಂಚೆ ಬರೋ ಸೆಟ್ಟಿಂಗ್ಸ್) ಒಳಗೆ ಹೋಗಿ, ಪಾಸ್‌ವರ್ಡ್ ಕೇಳಿದ್ರೆ ಅಲ್ಲೇ ಬಿಟ್ಬಿಡಿ, ಹಳೇ ಕಂಪನಿ ಲಾಕ್ ಇನ್ನೂ ತೆಗೆದಿಲ್ಲ ಅಂತ ಅರ್ಥ. ಇಂಟರ್‌ನೆಟ್ಟಿಗೆ ಕನೆಕ್ಟ್ ಮಾಡಿ ಹೊಸದಾಗಿ ವಿಂಡೋಸ್ ಸೆಟಪ್ ಮಾಡ್ಸಿ, ಯಾವುದೋ ಕಂಪನಿ ಲಾಗಿನ್ ಪೇಜ್ ಬಂದ್ರೂ ಅದೇ ಕಥೆ. ಬ್ಯಾಟರಿ ರಿಪೋರ್ಟ್ ತೆಗೀರಿ, ಅದು ವಿಂಡೋಸ್‌ನಲ್ಲೇ ಇದೆ. ತಯಾರಾದಾಗ ಇದ್ದ ಕೆಪ್ಯಾಸಿಟಿ, ಈಗ ಫುಲ್ ಚಾರ್ಜ್ ಆದಾಗಿನ ಕೆಪ್ಯಾಸಿಟಿ, ಎರಡೂ ತೋರಿಸುತ್ತೆ. ಅರ್ಧಕ್ಕೆ ಇಳಿದಿದ್ರೆ ಬ್ಯಾಟರಿ ದುಡ್ಡು ಕಮ್ಮಿ ಮಾಡ್ಸಿ. ಪ್ರತಿ ಕೀ ಒತ್ತಿ, ಪ್ರತಿ ಪೋರ್ಟಿಗೂ ಪೆನ್‌ಡ್ರೈವ್ ಹಾಕಿ, ಬಿಳಿ ಸ್ಕ್ರೀನ್ ಇಟ್ಟು ಕಲೆ ಇದ್ಯಾ ನೋಡಿ. ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಬೇಕೇ ಬೇಕು, ವಾರಂಟಿ ಎಷ್ಟು ತಿಂಗಳು ಅನ್ನೋದೂ ಅದರಲ್ಲೇ ಬರೆಸಿ. ಇಷ್ಟು ನೋಡೋಕೆ ಬಿಡಲ್ಲ ಅಂದ್ರೆ ಎದ್ದು ಪಕ್ಕದ ಅಂಗಡಿಗೆ ಹೋಗಿ.

ಈ ತಿಂಗಳು ಯಾರಾದ್ರೂ ತಗೊಳ್ತಿದ್ರೆ ಬಾಕ್ಸ್ ಮೇಲಿರೋ ಪೂರ್ತಿ ಮಾಡೆಲ್ ನಂಬರ್ ಕಾಮೆಂಟಲ್ಲಿ ಹಾಕಿ, ರಾತ್ರಿ ಕೂತು ಒಂದೊಂದಾಗಿ ನೋಡಿ ಹೇಳ್ತೀನಿ. ಬರೀ "ಐ5, 8 ಜಿಬಿ" ಅಂತ ಬರೆದ್ರೆ ಏನೂ ಹೇಳೋಕಾಗಲ್ಲ.